ಕೀ ತೆಗೆದರೂ ಆಫ್ ಆಗದ ಚಾರ್ಜಿಂಗ್ ಸಾಕೆಟ್: ಜೆ.ಸಿ. ರಸ್ತೆಯಲ್ಲಿ ಮಾಡಿಸಿದ ವೈರಿಂಗ್ ಹೇಗಿದೆ

ಗೇರ್ ಮುಂದೆ ಇರುವ 12 ವೋಲ್ಟ್ ಸಾಕೆಟ್, ಅಂದರೆ ಈಗಲೂ ಎಷ್ಟೋ ಜನ ಸಿಗರೇಟ್ ಲೈಟರ್ ಅಂತಲೇ ಕರೆಯುವ ಪಾಯಿಂಟ್, ನಮ್ಮ ಕಾರಿನಲ್ಲಿ ಕೀ ತೆಗೆದ ಕೂಡಲೇ ಆಫ್ ಆಗುತ್ತಿತ್ತು. ಅದನ್ನು ಯಾವಾಗಲೂ ಆನ್ ಇರುವ ಹಾಗೆ ಮಾಡಿಸಿದ್ದೇನೆ. ಮಾಡಿಕೊಟ್ಟದ್ದು ಬೆಂಗಳೂರಿನ ಜೆ.ಸಿ. ರಸ್ತೆಯ ಅಡ್ಡರಸ್ತೆಯೊಂದರಲ್ಲಿರುವ ಪುಟ್ಟ ಆಟೋ ಎಲೆಕ್ಟ್ರಿಕಲ್ ಅಂಗಡಿ. ಕೆಲಸ ತುಂಬಾ ಚೆನ್ನಾಗಿದೆ, ಯಾರು ಕೇಳಿದರೂ ಅಲ್ಲಿಗೇ ಕಳಿಸುತ್ತೇನೆ. ಆದರೆ ಇಲ್ಲಿ ಅಂಗಡಿಯ ಹೆಸರಿಗಿಂತ ಅವರು ಏನು ಮಾಡಿದರು, ಯಾಕೆ ಹಾಗೆ ಮಾಡಿದರು ಅನ್ನುವುದನ್ನು ಬರೆಯುತ್ತೇನೆ. ನಿಮ್ಮೂರಿನ ಎಲೆಕ್ಟ್ರಿಷಿಯನ್ ಹತ್ತಿರ ಇದನ್ನೇ ಮಾಡಿಸುವಾಗ ಏನು ಕೇಳಬೇಕು ಅಂತ ಗೊತ್ತಾಗುತ್ತದೆ.

ನನಗೆ ಇದು ಬೇಕಾಗಿದ್ದು ಅಮ್ಮನ ಇನ್ಸುಲಿನ್‌ಗೆ. ಕಲಬುರಗಿ ಕಡೆ ಬೇಸಿಗೆಯಲ್ಲಿ ಹೋಗುವಾಗ ಊಟಕ್ಕೆ ಅಂತ ಕಾರು ನಿಲ್ಲಿಸಿದರೆ ಒಳಗೆ ಕಾವಲಿಯ ಬಿಸಿ. ತೆರೆಯದ ಇನ್ಸುಲಿನ್ 2ರಿಂದ 8 ಡಿಗ್ರಿಯಲ್ಲಿ ಇರಬೇಕು, ಬಳಸುತ್ತಿರುವ ಪೆನ್ ಕೂಡ ಅಂಥ ಬಿಸಿಯಲ್ಲಿ ಬಿದ್ದಿರಬಾರದು. ಸಾಕೆಟ್‌ಗೆ ಹಾಕುವ ಸಣ್ಣ ಕೂಲಿಂಗ್ ಬಾಕ್ಸ್ ಒಂದು ಇದೆ, ಕಂಪ್ರೆಸರ್ ಇಲ್ಲದ್ದು. ಅದು ಫ್ರಿಜ್ ಅಲ್ಲ, ಹೊರಗಿನ ಬಿಸಿಗಿಂತ ಹದಿನೈದಿಪ್ಪತ್ತು ಡಿಗ್ರಿ ಕಡಿಮೆ ಮಾಡುತ್ತದೆ ಅಷ್ಟೇ. ಹಾಗಾಗಿ ತೆರೆಯದ ಇನ್ಸುಲಿನ್‌ಗೆ ಬೇರೆ ಐಸ್ ಪ್ಯಾಕ್ ಇದ್ದೇ ಇದೆ, ಈ ಬಾಕ್ಸ್ ಬಳಕೆಯಲ್ಲಿರುವ ಪೆನ್‌ಗೆ ಮಾತ್ರ. ಕೀ ತೆಗೆದರೆ ಬಾಕ್ಸ್ ನಿಂತುಹೋಗುತ್ತಿತ್ತು. ಕಾರು ಸ್ಟಾರ್ಟ್‌ನಲ್ಲೇ ಬಿಟ್ಟು ಊಟಕ್ಕೆ ಹೋಗಲು ಆಗುತ್ತದೆಯೇ?

ಮೊದಲು ಮನೆ ಹತ್ತಿರದ ಒಂದು ಆ್ಯಕ್ಸೆಸರಿ ಅಂಗಡಿಯಲ್ಲಿ ಕೇಳಿದ್ದೆ. "ಐದು ನಿಮಿಷದ ಕೆಲಸ ಮೇಡಂ, ಬ್ಯಾಟರಿಯಿಂದ ಡೈರೆಕ್ಟ್ ಒಂದು ವೈರ್ ಎಳೆದು ಸಾಕೆಟ್ ವೈರ್‌ಗೆ ಜಾಯಿಂಟ್ ಕೊಡ್ತೀನಿ" ಅಂದರು. ಏನು ಹಾಕುತ್ತೀರಿ ಅಂತ ಕೇಳಲಿಲ್ಲ, ಫ್ಯೂಸ್ ಮಾತೇ ಇಲ್ಲ. ನನಗೆ ಧೈರ್ಯ ಬರಲಿಲ್ಲ. ಆಮೇಲೆ ಜೆ.ಸಿ. ರಸ್ತೆಯವರ ಹತ್ತಿರ ಈ ಮಾತು ಹೇಳಿದಾಗ ಅವರು ಮೊದಲು ವಿವರಿಸಿದ್ದೇ ಇದು ಯಾಕೆ ಕೆಟ್ಟ ಕೆಲಸ ಅಂತ. ಹಳೆಯ ವೈರ್ ಬಿಚ್ಚದೆ ಅದಕ್ಕೇ ಬ್ಯಾಟರಿ ಲೈನ್ ಸೇರಿಸಿದರೆ, ಕರೆಂಟು ಸಾಕೆಟ್‌ಗೆ ಮಾತ್ರ ಹೋಗುವುದಿಲ್ಲ. ಹಳೆಯ ವೈರ್ ಹಿಡಿದು ಹಿಂದಕ್ಕೂ ಹೋಗುತ್ತದೆ, ಫ್ಯೂಸ್ ದಾಟಿ ಕೀ ಲೈನ್‌ಗೆ, ಅಂದರೆ ಕೀ ಹಾಕಿದಾಗ ಮಾತ್ರ ಕರೆಂಟು ಇರಬೇಕಾದ ಲೈನ್‌ಗೆ ಸೇರುತ್ತದೆ. ಆಗ ಅದೇ ಲೈನ್‌ನಲ್ಲಿರುವ ಸ್ಟೀರಿಯೋ, ಸೈಡ್ ಮಿರರ್ ಮೋಟಾರ್ ಎಲ್ಲದಕ್ಕೂ ಕೀ ಇಲ್ಲದೆ ಕರೆಂಟು. ಕಾರು ನಿಲ್ಲಿಸಿದರೂ ಸ್ಟೀರಿಯೋ ಆಫ್ ಆಗುವುದಿಲ್ಲ, ಬೆಳಿಗ್ಗೆ ಬ್ಯಾಟರಿ ಡೌನ್. ಇನ್ನು ಕೆಲವರು ಆ್ಯಕ್ಸೆಸರಿ ರಿಲೇ, ಅಂದರೆ ಕೀ ತಿರುಗಿಸಿದಾಗ ಈ ಲೈನ್ ಆನ್ ಮಾಡುವ ಸ್ವಿಚ್, ಅದನ್ನೇ ಕಿತ್ತು, ಅದರ ಜಾಗದಲ್ಲಿ ಕರೆಂಟು ಬರುವ 30 ಮತ್ತು ಹೋಗುವ 87ನೇ ಪಿನ್‌ಗಳ ನಡುವೆ ತುಂಡು ವೈರ್ ಸಿಕ್ಕಿಸುತ್ತಾರಂತೆ. ಅದರಿಂದಲೂ ಇದೇ ತೊಂದರೆ.

ಜೆ.ಸಿ. ರಸ್ತೆಯ ಈ ಭಾಯ್ ಕಾರಿಗೆ ಕೈ ಹಾಕುವ ಮೊದಲು ಕೇಳಿದ್ದು ಒಂದೇ ಪ್ರಶ್ನೆ. "ಏನು ಹಾಕ್ತೀರಾ ಮೇಡಂ, ಎಷ್ಟು ಹೊತ್ತು ಹಾಕ್ತೀರಾ?" ನನಗೆ ಅಲ್ಲೇ ನಂಬಿಕೆ ಬಂತು. ಬಾಕ್ಸ್ ತಿರುಗಿಸಿ ಕೆಳಗಿನ ಸ್ಟಿಕ್ಕರ್ ಓದಿದರು, 48 ವ್ಯಾಟ್. ಅಂದರೆ ಸುಮಾರು 4 ಆಂಪಿಯರ್, ಅದೂ ನಿಲ್ಲದೆ, ಯಾಕೆಂದರೆ ಇಂಥ ಬಾಕ್ಸ್ ದೊಡ್ಡ ಫ್ರಿಜ್ ಹಾಗೆ ತಾನೇ ಆಫ್ ಆಗಿ ಆನ್ ಆಗುವುದಿಲ್ಲ. ನಮ್ಮದು ಸಣ್ಣ ಪೆಟ್ರೋಲ್ ಕಾರು, ಬ್ಯಾಟರಿ 35 ಆಂಪಿಯರ್ ಅವರ್, ಅಂದರೆ ಲೆಕ್ಕಕ್ಕೆ 1 ಆಂಪಿಯರ್ ಎಳೆದರೆ 35 ಗಂಟೆ. ಲೆಕ್ಕ ಬಾಯಲ್ಲೇ ಹಾಕಿದರು: ಬ್ಯಾಟರಿ ಹೊಸದಿದ್ದು ಫುಲ್ ಇದ್ದರೂ ನಾಲ್ಕೂಕಾಲು ಗಂಟೆಯಲ್ಲಿ ಅರ್ಧ ಖಾಲಿ. ಊಟಕ್ಕೆ ಒಂದು ಗಂಟೆ ನಿಲ್ಲಿಸಿದರೆ 4 ಆಂಪಿಯರ್ ಅವರ್ ಹೋಗುತ್ತದೆ, ಅದು ಪರವಾಗಿಲ್ಲ, ಮತ್ತೆ ಓಡಿಸಿದಾಗ ತುಂಬಿಕೊಳ್ಳುತ್ತದೆ. ರಾತ್ರಿಯೆಲ್ಲ ಬಿಟ್ಟರೆ ಬೆಳಿಗ್ಗೆ ಸ್ಟಾರ್ಟ್ ಆಗುವುದಿಲ್ಲ. ಹಾಗಾಗಿ ಬ್ಯಾಟರಿ ಇಳಿದಾಗ ತಾನೇ ಲೈನ್ ಕಟ್ ಮಾಡುವ ಮಾಡ್ಯೂಲ್ ಇಲ್ಲದೆ ಈ ಕೆಲಸ ಮಾಡುವುದಿಲ್ಲ ಅಂತ ಖಡಕ್ಕಾಗಿ ಹೇಳಿದರು. ಮಾಡ್ಯೂಲ್ ಎಸ್.ಪಿ. ರಸ್ತೆಯಲ್ಲಿ ಸಿಗುತ್ತದೆ, ಜೆ.ಸಿ. ರಸ್ತೆಯಿಂದ ನಡೆದುಕೊಂಡು ಹೋಗುವಷ್ಟು ಹತ್ತಿರ. ಹುಡುಗನನ್ನು ಕಳಿಸಿ ತರಿಸಿದರು.

ಈಗ ವೈರಿಂಗ್ ವಿಷಯ. ಬ್ಯಾಟರಿಯ ಪ್ಲಸ್‌ನಿಂದ 2.5 ಸ್ಕ್ವೇರ್ ಎಂಎಂ ವೈರ್, ಮತ್ತು ಬ್ಯಾಟರಿಯಿಂದ ಒಂದು ಗೇಣಿಗೂ ಕಡಿಮೆ ದೂರದಲ್ಲೇ ಫ್ಯೂಸ್ ಹೋಲ್ಡರ್. ಇದನ್ನು ನಾನು ಒತ್ತಿ ಹೇಳುತ್ತೇನೆ, ಯಾಕೆಂದರೆ ಎಷ್ಟೋ ಕಡೆ ಫ್ಯೂಸ್ ಅನ್ನು ಸಾಕೆಟ್ ಹಿಂದೆ, ಅನುಕೂಲ ಅಂತ, ಡ್ಯಾಶ್‌ಬೋರ್ಡ್ ಒಳಗೆ ಹಾಕುತ್ತಾರೆ. ಫ್ಯೂಸ್ ಇರುವುದು ಮುಖ್ಯವಾಗಿ ವೈರ್ ಕಾಪಾಡಲು. ವೈರ್ ಬಾನೆಟ್ ಒಳಗೆ ಎಲ್ಲೋ ತಗಡಿಗೆ ಉಜ್ಜಿ ಮೇಲಿನ ಪದರ ಹರಿದು ಕಾರಿನ ಲೋಹದ ಬಾಡಿಗೆ ಶಾರ್ಟ್ ಆಯಿತು ಅಂದುಕೊಳ್ಳಿ. ಫ್ಯೂಸ್ ಆ ಜಾಗಕ್ಕಿಂತ ಮುಂದೆ, ಸಾಕೆಟ್ ಹತ್ತಿರ ಇದ್ದರೆ ಅದಕ್ಕೆ ಗೊತ್ತೇ ಆಗುವುದಿಲ್ಲ, ಬ್ಯಾಟರಿಯ ಕರೆಂಟೆಲ್ಲ ಆ ವೈರ್‌ನಲ್ಲಿ ಹರಿದು ಬೆಂಕಿ ಹತ್ತುತ್ತದೆ. ಫ್ಯೂಸ್ ಬ್ಯಾಟರಿ ಪಕ್ಕದಲ್ಲೇ ಇದ್ದರೆ ಮುಂದೆ ಎಲ್ಲಿ ಶಾರ್ಟ್ ಆದರೂ ಸುಟ್ಟು ಹೋಗುವುದು ಫ್ಯೂಸ್ ಮಾತ್ರ. ಬಾನೆಟ್‌ನಿಂದ ಒಳಗೆ ಬರಲು ಹೊಸ ತೂತು ಕೊರೆಯಲಿಲ್ಲ, ಮೊದಲೇ ಇದ್ದ ತೂತಿನ ರಬ್ಬರ್ ಗ್ರಾಮೆಟ್ (ಬಳೆ) ಮೂಲಕ ವೈರ್ ತೂರಿಸಿದರು, ಮೇಲೆ ಸುಕ್ಕು ಪೈಪ್ ಹಾಕಿದರು.

ಫ್ಯೂಸ್ ಎಷ್ಟರದ್ದು ಅನ್ನುವುದರಲ್ಲೂ ಅವರದ್ದು ಸರಿಯಾದ ಲೆಕ್ಕ. ಕಂಪನಿಯಿಂದ ಬಂದದ್ದು ನೀಲಿ, ಅಂದರೆ 15 ಆಂಪಿಯರ್. ಸಾಕೆಟ್ ಮುಚ್ಚಳದ ಮೇಲೆ 120 ವ್ಯಾಟ್ ಅಂತ ಇದೆ, ಅಂದರೆ 10 ಆಂಪಿಯರ್. ನಮ್ಮ ಬಾಕ್ಸ್‌ಗೆ ಬೇಕಾಗಿರುವುದು 4. ಹಾಗಾಗಿ ಹೊಸ ಲೈನ್‌ಗೆ ಕೆಂಪು, 10 ಆಂಪಿಯರ್ ಹಾಕಿದರು. ಟೈರಿಗೆ ಗಾಳಿ ತುಂಬುವ ಪಂಪ್ ಹಾಕಿದರೆ ಫ್ಯೂಸ್ ಹೋಗಬಹುದು ಅಲ್ವಾ ಅಂದೆ. ಹೋಗಬಹುದು, ಅದಕ್ಕೇ ಅಂಥ ಪಂಪ್ ಅನ್ನು ಇದಕ್ಕೆ ಹಾಕಬೇಡಿ, ಕ್ಲಿಪ್ ಇರುವ ಪಂಪ್ ತಗೊಂಡು ಇಂಜಿನ್ ಸ್ಟಾರ್ಟ್ ಮಾಡಿ ನೇರ ಬ್ಯಾಟರಿಗೆ ಹಾಕಿ ಅಂದರು. ದೊಡ್ಡ ಫ್ಯೂಸ್ ಹಾಕಿ ಸುಮ್ನೆ ಕಳಿಸಬಹುದಿತ್ತು, ಕಳಿಸಲಿಲ್ಲ.

ಸಾಕೆಟ್ ಹಿಂದೆ ಮಾಡಿದ ಕೆಲಸವೇ ನನಗೆ ತುಂಬಾ ಇಷ್ಟವಾಯಿತು. ಕಂಪನಿ ವೈರ್ ಒಂದನ್ನೂ ಕತ್ತರಿಸಲಿಲ್ಲ. ಸಾಕೆಟ್ ಹಿಂದೆ ವೈರ್ ಸಿಕ್ಕಿಸುವ ಪ್ಲಗ್, ಅಂದರೆ ಕಪ್ಲರ್, ಎಳೆದು ಅದರ ಬಾಯಿಗೆ ಟೇಪು ಸುತ್ತಿ ಪಕ್ಕಕ್ಕೆ ಕಟ್ಟಿಟ್ಟರು, ಸಾಕೆಟ್‌ಗೆ ಬೇರೆ ಕಪ್ಲರ್ ಮೂಲಕ ಹೊಸ ಲೈನ್ ಕೊಟ್ಟರು. ಹೀಗೆ ಮಾಡಿದ್ದರಿಂದ ಕರೆಂಟು ಹಿಂದಕ್ಕೆ ಕೀ ಲೈನ್‌ಗೆ ಹೋಗುವ ಪ್ರಶ್ನೆಯೇ ಇಲ್ಲ. ನಾಳೆ ಕಾರು ಮಾರುವಾಗ ಹಳೆಯ ಕಪ್ಲರ್ ಸಿಕ್ಕಿಸಿದರೆ ಮೊದಲಿನ ಹಾಗೇ ಆಗುತ್ತದೆ. ಜಾಯಿಂಟ್ ಇರುವ ಕಡೆ ಬೆಸುಗೆ ಹಾಕಿ ಮೇಲೆ ಹೀಟ್ ಶ್ರಿಂಕ್ ಸ್ಲೀವ್, ಬಿಸಿ ಮಾಡಿದರೆ ಕುಗ್ಗಿ ಬಿಗಿಯುವ ಕೊಳವೆ. ವೈರ್ ಮಧ್ಯಕ್ಕೆ ಕಚ್ಚಿ ಹಿಡಿಯುವ ನೀಲಿ ಪ್ಲಾಸ್ಟಿಕ್ ಕ್ಲಿಪ್ ಬಳಸಲೇ ಇಲ್ಲ, ಅದು ವೈರ್‌ನ ಎಳೆ ಕತ್ತರಿಸುತ್ತದೆ, ಕಾರು ಅಲ್ಲಾಡುತ್ತಾ ಅಲ್ಲಾಡುತ್ತಾ ಸಡಿಲ ಆಗುತ್ತದೆ.

ಅರ್ಥ್, ಅಂದರೆ ಸಾಕೆಟ್‌ನ ಮೈನಸ್ ವೈರ್, ಕೊಟ್ಟಿದ್ದು ಕಾರಿನ ಲೋಹದ ಬಾಡಿಗೇ, ಡ್ಯಾಶ್‌ಬೋರ್ಡ್ ಕೆಳಗಿನ ಒಂದು ಬೋಲ್ಟ್‌ಗೆ, ಬಣ್ಣ ಕೆರೆದು. ನಮ್ಮ ಕಾರಿಗೆ ಇದು ಅಷ್ಟು ದೊಡ್ಡ ವಿಷಯ ಅಲ್ಲ, ಆದರೆ ಸಿಗ್ನಲ್‌ನಲ್ಲಿ ತಾನೇ ಆಫ್ ಆಗುವ ಸ್ಟಾರ್ಟ್-ಸ್ಟಾಪ್ ಕಾರು ಇರುವವರು ಗಮನಿಸಿ. ಅಂಥ ಎಷ್ಟೋ ಕಾರುಗಳಲ್ಲಿ ಬ್ಯಾಟರಿಯ ಮೈನಸ್ ಟರ್ಮಿನಲ್ ಮೇಲೆ ಒಂದು ಸೆನ್ಸರ್ ಇರುತ್ತದೆ, ಒಳಗೆ ಹೊರಗೆ ಹೋಗುವ ಕರೆಂಟು ಎಷ್ಟು ಅಂತ ಅದು ಎಣಿಸುತ್ತದೆ. ನಿಮ್ಮ ಸಾಕೆಟ್‌ನ ಅರ್ಥ್ ನೇರ ಮೈನಸ್ ಟರ್ಮಿನಲ್‌ಗೆ ಹೋದರೆ ಆ ಕರೆಂಟು ಸೆನ್ಸರ್‌ನ ಲೆಕ್ಕಕ್ಕೇ ಬರುವುದಿಲ್ಲ, ಬ್ಯಾಟರಿ ಇಳಿದಿದ್ದರೂ ಕಾರು ಫುಲ್ ಇದೆ ಅಂದುಕೊಳ್ಳುತ್ತದೆ. ಅರ್ಥ್ ಅನ್ನು ಕಾರಿನ ಬಾಡಿಗೆ ಸೇರಿಸಿದರೆ ಲೆಕ್ಕ ಸರಿಯಾಗಿರುತ್ತದೆ.

ಕಟ್ ಆಫ್ ಮಾಡ್ಯೂಲ್ ಬಗ್ಗೆ ಸ್ವಲ್ಪ ಜಾಸ್ತಿ ಬರೆಯಬೇಕು. ಕಾರಿನ ಲೆಡ್ ಆ್ಯಸಿಡ್ ಬ್ಯಾಟರಿ ಫುಲ್ ಇದ್ದು ಸುಮ್ಮನೆ ನಿಂತಿದ್ದಾಗ ಸುಮಾರು 12.6 ವೋಲ್ಟ್ ತೋರಿಸುತ್ತದೆ. 12.2ಕ್ಕೆ ಬಂದರೆ ಹೆಚ್ಚುಕಡಿಮೆ ಅರ್ಧ ಹೋಗಿದೆ ಅಂತ. 11.8 ಅಂದರೆ ಖಾಲಿ ಅಂತಲೇ ಇಟ್ಟುಕೊಳ್ಳಿ. ಡ್ಯಾಶ್‌ಕ್ಯಾಮ್ ಜೊತೆ ಬರುವ ಕೆಲವು ಕಿಟ್‌ಗಳಲ್ಲಿ 11.8ಕ್ಕೆ ಕಟ್ ಆಗುವ ಸೆಟ್ಟಿಂಗ್ ಇರುತ್ತದೆ, ಹಳೆಯ ಬ್ಯಾಟರಿ ಇದ್ದರೆ ಅಷ್ಟರಲ್ಲಿ ಸ್ಟಾರ್ಟರ್ ತಿರುಗುವ ಶಕ್ತಿಯೇ ಉಳಿದಿರುವುದಿಲ್ಲ. ನಮ್ಮದನ್ನು 12.2ಕ್ಕೆ ಇಟ್ಟರು. ಬಾಕ್ಸ್ ಓಡುತ್ತಿರುವಾಗ ವೋಲ್ಟೇಜ್ ಸ್ವಲ್ಪ ಕಡಿಮೆಯೇ ತೋರಿಸುವುದರಿಂದ ನಿಜವಾಗಿ ಅರ್ಧ ಆಗುವ ಮೊದಲೇ ಲೈನ್ ಕಟ್ ಆಗುತ್ತದೆ, ನನಗೆ ಬೇಕಾಗಿದ್ದೂ ಅದೇ. ಇಂಜಿನ್ ಸ್ಟಾರ್ಟ್ ಆಗಿ ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್ 14 ವೋಲ್ಟ್ ಆಸುಪಾಸು ಕೊಟ್ಟ ಮೇಲೆ ಮತ್ತೆ ತಾನೇ ಆನ್. ಸ್ಟಾರ್ಟ್ ಆಗದೆ ದಾರಿಯಲ್ಲಿ ಅಮ್ಮನನ್ನು ಕೂರಿಸಿಕೊಂಡು ನಿಲ್ಲುವುದಕ್ಕಿಂತ ಬಾಕ್ಸ್ ಬೇಗ ಆಫ್ ಆಗುವುದು ಎಷ್ಟೋ ವಾಸಿ.

ಎಲ್ಲ ಮುಗಿದ ಮೇಲೆ ಬಾಗಿಲು ಲಾಕ್ ಮಾಡಿ, ಸ್ವಲ್ಪ ಹೊತ್ತು ಬಿಟ್ಟು, ಮೈನಸ್ ಲೀಡ್‌ನಲ್ಲಿ ಮಲ್ಟಿಮೀಟರ್ ಸೇರಿಸಿ ಕಾರು ಮಲಗಿರುವಾಗ ಎಷ್ಟು ಎಳೆಯುತ್ತದೆ ಅಂತ ಅಳೆದು ತೋರಿಸಿದರು. 50 ಮಿಲಿಆಂಪಿಯರ್ ಒಳಗೆ ಇತ್ತು. ನಾನು ಕೇಳಿರಲಿಲ್ಲ, ಅವರೇ ಮಾಡಿದ್ದು. 50 ಅಂದರೂ ದಿನಕ್ಕೆ 1.2 ಆಂಪಿಯರ್ ಅವರ್, ನಮ್ಮಂಥ ಬ್ಯಾಟರಿ ಎರಡು ವಾರದಲ್ಲಿ ಅರ್ಧಕ್ಕೆ ಬರುತ್ತದೆ. ಅದಕ್ಕೆ ಹೆಚ್ಚು ದಿನ ಕಾರು ತೆಗೆಯುವುದಿಲ್ಲ ಅಂದರೆ ಆ ಕೆಂಪು ಫ್ಯೂಸ್ ಕಿತ್ತಿಡಿ ಅಂದರು. ಬಾನೆಟ್ ಎತ್ತಿದರೆ ಕೈಗೆ ಸಿಗುವ ಹಾಗೇ ಇಟ್ಟಿದ್ದಾರೆ.

ಇಷ್ಟವಾಗದ ವಿಷಯಗಳೂ ಇವೆ. ಮಾಡ್ಯೂಲ್ ಅನ್ನು ಡ್ಯಾಶ್‌ಬೋರ್ಡ್ ಒಳಗೆ ತೀರಾ ಆಳದಲ್ಲಿ ಕಟ್ಟಿದ್ದಾರೆ, ವೋಲ್ಟ್ ಸೆಟ್ಟಿಂಗ್ ಬದಲಾಯಿಸಬೇಕಾದರೆ ಕನ್ಸೋಲ್ ಮತ್ತೆ ಬಿಚ್ಚಬೇಕು. ಒಂದು ಕಡೆ ಬಟ್ಟೆ ಟೇಪಿನ ಬದಲು ಮಾಮೂಲಿ ಕಪ್ಪು ಪಿವಿಸಿ ಟೇಪು ಸುತ್ತಿದ್ದರು, ಬಿಸಿಲಿಗೆ ಅದು ಅಂಟು ಬಿಟ್ಟು ಜಾರುತ್ತದೆ. ಹೇಳಿದ ಮೇಲೆ ಬದಲಾಯಿಸಿದರು, ಹೇಳದಿದ್ದರೆ ಹಾಗೇ ಇರುತ್ತಿತ್ತು. ಬಿಲ್ ಕೂಡ ಕೇಳಿದ ಮೇಲೇ ಬರೆದುಕೊಟ್ಟರು. ಕೆಲಸ ನಡೆಯುವುದು ರಸ್ತೆ ಬದಿಯಲ್ಲೇ, ಕೂರಲು ಜಾಗ ಇಲ್ಲ. ಪಾರ್ಕಿಂಗ್ ಅಂತೂ ಕೇಳಲೇಬೇಡಿ. ಬೆಳಿಗ್ಗೆ ಅಂಗಡಿ ತೆಗೆಯುವ ಹೊತ್ತಿಗೇ ಹೋದರೆ ಮಾತ್ರ ನಿಲ್ಲಿಸಲು ಜಾಗ ಸಿಗುತ್ತದೆ. ಮಧ್ಯಾಹ್ನದ ಹೊತ್ತಿಗೆ ಟೌನ್ ಹಾಲ್‌ನಿಂದಲೇ ಜಾಮ್.

ಹಣ ಸಾಮಾನು, ಕೂಲಿ ಎಲ್ಲ ಸೇರಿ ಎರಡು ಸಾವಿರದ ಒಳಗೆ. ಆ ಐದು ನಿಮಿಷದವರು ಕೇಳಿದ್ದಕ್ಕಿಂತ ತುಂಬಾ ಜಾಸ್ತಿ, ಹೌದು. ವೈರ್, ಫ್ಯೂಸ್ ಹೋಲ್ಡರ್, ಮಾಡ್ಯೂಲ್, ಅರ್ಧ ದಿನದ ಕೆಲಸ, ಇಷ್ಟಕ್ಕೆ ನನಗೆ ನ್ಯಾಯವೇ ಅನಿಸಿತು.

ನಿಮಗೆ ಬೇಕಾಗಿರುವುದು ಡ್ಯಾಶ್‌ಕ್ಯಾಮ್‌ಗೆ ಮಾತ್ರ ಆದರೆ ಇಷ್ಟೆಲ್ಲ ಬೇಕಿಲ್ಲ. ಅದು ಎಳೆಯುವುದು ಅರ್ಧ ಆಂಪಿಯರ್‌ಗಿಂತ ಕಡಿಮೆ. ಫ್ಯೂಸ್ ಟ್ಯಾಪ್ ಅಂತ ಸಿಗುತ್ತದೆ, ಫ್ಯೂಸ್ ಬಾಕ್ಸ್‌ನಲ್ಲಿ ಕೀ ಇಲ್ಲದೆಯೂ ಆನ್ ಇರುವ ಒಂದು ಫ್ಯೂಸ್ ಜಾಗಕ್ಕೆ, ಉದಾಹರಣೆಗೆ ಒಳಗಿನ ದೀಪದ್ದಕ್ಕೆ, ಅದನ್ನು ಸಿಕ್ಕಿಸಿ ಲೈನ್ ತೆಗೆಯಬಹುದು. ಏರ್‌ಬ್ಯಾಗ್, ಎಬಿಎಸ್ (ಬ್ರೇಕ್), ಇಸಿಯು (ಇಂಜಿನ್ ಕಂಪ್ಯೂಟರ್) ಫ್ಯೂಸ್‌ಗಳ ತಂಟೆಗೆ ಮಾತ್ರ ಯಾವ ಕಾರಣಕ್ಕೂ ಹೋಗಬೇಡಿ. ಟ್ಯಾಪ್ ಸಿಕ್ಕಿಸುವ ದಿಕ್ಕೂ ಮುಖ್ಯ, ಉಲ್ಟಾ ಹಾಕಿದರೆ ಕೆಲಸ ಮಾಡುತ್ತದೆ, ಆದರೆ ಹೊಸ ಲೈನ್‌ನ ಕರೆಂಟೂ ಹಳೆಯ ಫ್ಯೂಸ್ ಮೂಲಕವೇ ಹೋಗುತ್ತದೆ. ಹಳೆಯ ಫ್ಯೂಸ್ ಕಿತ್ತಾಗಲೂ ಹೊಸ ಲೈನ್‌ನಲ್ಲಿ ಟೆಸ್ಟ್ ಲ್ಯಾಂಪ್ ಉರಿದರೆ ದಿಕ್ಕು ಸರಿ ಇದೆ ಅಂತ. ಮಿನಿ ಮತ್ತು ಲೋ ಪ್ರೊಫೈಲ್ ಮಿನಿ ಅನ್ನುವ ಎರಡು ಅಳತೆಯ ಫ್ಯೂಸ್‌ಗಳು ನೋಡಲು ಒಂದೇ ಥರ ಕಾಣುತ್ತವೆ, ಅಂಗಡಿಗೆ ಹೋಗುವಾಗ ನಿಮ್ಮ ಕಾರಿನ ಒಂದು ಫ್ಯೂಸ್ ಕೈಯಲ್ಲಿ ಇಟ್ಟುಕೊಂಡು ಹೋಗಿ.

ಇನ್ನೊಂದು ಮಾತು, ಮಾಡಿಸುವ ಮೊದಲು ಕಾರಿನ ಮ್ಯಾನುಯಲ್ ಒಮ್ಮೆ ಓದಿ. ಕೆಲವು ಕಾರುಗಳಲ್ಲಿ ಕಂಪನಿಯವರೇ ಅನುಕೂಲ ಕೊಟ್ಟಿರುತ್ತಾರೆ. ಜೀಪ್ ಗ್ರ್ಯಾಂಡ್ ಚೆರೋಕಿಯಲ್ಲಿ ಹಿಂದಿನ ಸಾಕೆಟ್‌ನ ಫ್ಯೂಸ್ ಅನ್ನು ಒಂದು ಜಾಗದಿಂದ ಪಕ್ಕದ ಜಾಗಕ್ಕೆ ಬದಲಾಯಿಸಿದರೆ ಸಾಕು, ಸಾಕೆಟ್ ಯಾವಾಗಲೂ ಆನ್. ವಾರಂಟಿ ಇರುವ ಕಾರಾದರೆ ಸರ್ವಿಸ್ ಸೆಂಟರ್‌ನಲ್ಲಿ ಕೇಳಿಯೇ ಮುಂದುವರಿಯಿರಿ. ಸಾಕೆಟ್ ಯಾವಾಗಲೂ ಆನ್ ಇದ್ದರೆ ಮುಚ್ಚಳ ಮುಚ್ಚಿಡುವುದನ್ನು ಮನೆಯವರಿಗೆಲ್ಲ ಹೇಳಿ, ಮಕ್ಕಳಿದ್ದರೆ ಇನ್ನೂ ಜಾಸ್ತಿ ಹೇಳಿ. ಒಂದು ನಾಣ್ಯ ಒಳಗೆ ಬಿದ್ದರೂ ಶಾರ್ಟ್ ಆಗುತ್ತದೆ.

ಈ ಅಂಗಡಿ ಭಾನುವಾರ ತೆಗೆಯುವುದಿಲ್ಲ, ಮತ್ತು ಬಾಕ್ಸೋ ಕ್ಯಾಮೆರಾವೋ, ನೀವು ಹಾಕಬೇಕೆಂದಿರುವ ವಸ್ತುವನ್ನು ಜೊತೆಗೆ ತರದೆ ಹೋದರೆ ಅವರು ಕೆಲಸ ಶುರು ಮಾಡುವುದಿಲ್ಲ.