ಐರನ್ ಕ್ರಾಸ್ ಕೊಳ್ಳೋರು ದುಡ್ಡು ಹಾಕೋ ಮೊದ್ಲು ಇದನ್ನ ಓದಿ

ಹಳೇ ಜರ್ಮನ್ ಮಿಲಿಟರಿ ಮೆಡಲ್ಲು, ಬ್ಯಾಡ್ಜು ಕಲೆಕ್ಟ್ ಮಾಡೋರು, ಇಲ್ಲಿ ಜರ್ಮನಿಯಲ್ಲಿರೋ ನಮ್ಮೋರಾಗ್ಲಿ ಬೆಂಗ್ಳೂರಲ್ಲಿ ಕೂತು ಆನ್‌ಲೈನಲ್ಲಿ ತರಿಸ್ಕೊಳ್ಳೋರಾಗ್ಲಿ, ದಯವಿಟ್ಟು ಪೂರ್ತಿ ಓದಿ. 1914ರ, ಅಂದ್ರೆ ಮೊದಲನೇ ಮಹಾಯುದ್ಧದ ಕಾಲದ ಐರನ್ ಕ್ರಾಸ್ (ಜರ್ಮನ್ ಸೈನಿಕರಿಗೆ ಕೊಡ್ತಿದ್ದ ಶೌರ್ಯ ಪದಕ) ಫಸ್ಟ್ ಕ್ಲಾಸ್ ಅಂತ ಹೇಳಿ ಒಬ್ಬ ನನಗೆ ಅಪ್ಪಟ ನಕಲಿ ಮಾಲು ಕಟ್ಟಿದಾನೆ. 180 ಯೂರೋ ಹೋಯ್ತು, ಈಗ ಮೆಸೇಜಿಗೆ ಉತ್ತರಾನೂ ಇಲ್ಲ.

ಅವನು ಮಾರಿದ್ದು ಮೆಡಲ್ ಅಲ್ಲ, ಕಥೆ. ನಮ್ಮ ಮುತ್ತಾತಂದು, ವೆರ್ಡನ್ ಯುದ್ಧದಲ್ಲಿ ಸಿಕ್ಕಿದ್ದು, ಅಜ್ಜಿ ಡ್ರಾಯರಲ್ಲಿ ಇತ್ತು ಅಂತೆಲ್ಲ ಹೇಳಿ ಜೊತೆಗೆ 1916ರ ಪ್ರಶಸ್ತಿ ಪತ್ರಾನೂ ಕಳಿಸಿದ್ದ, ಮಡಚಿದ ಗೆರೆ, ಹಳದಿ ಕಲೆ, ಸೀಲು ಎಲ್ಲಾ ಇತ್ತು. ಕತ್ತಲೆ ರೂಮಲ್ಲಿ ಯುವಿ ಟಾರ್ಚ್ ಬಿಟ್ರೆ ಕಾಗದ ಟ್ಯೂಬ್‌ಲೈಟ್ ಥರ ನೀಲಿಯಾಗಿ ಹೊಳೀತು. ಹಂಗೆ ಹೊಳೆಯೋ ಬ್ರೈಟನರ್ ಕೆಮಿಕಲ್ಲನ್ನ ಕಾಗದಕ್ಕೆ ಹಾಕೋದು ಶುರುವಾಗಿದ್ದೇ ಎಷ್ಟೋ ವರ್ಷ ಆದ್ಮೇಲೆ. ಇದೇ ಪತ್ರ, ಇದೇ ಸೀಲು, ಬರೀ ಹೆಸರು ಬೇರೆ ಹಾಕಿ ಅವನು ಇನ್ನೊಂದನ್ನೂ ಮಾರಾಟಕ್ಕಿಟ್ಟಿದಾನೆ!

ಇನ್ನು ಕ್ರಾಸು. 1813ರಲ್ಲಿ ಪ್ರಷ್ಯಾದ ರಾಜ ಶುರು ಮಾಡಿದಾಗಿಂದ ಇದನ್ನ ಮಾಡೋ ರೀತಿ ಹೆಚ್ಚುಕಮ್ಮಿ ಒಂದೇ: ನಡುವೆ ಕಪ್ಪು ಬಣ್ಣದ ಕಬ್ಬಿಣದ ತುಂಡು, ಅದರ ಸುತ್ತ ಬೆಳ್ಳಿ ಫ್ರೇಮು, ಎರಡು ಭಾಗ ಸೇರಿಸಿ ಬೆಸುಗೆ ಹಾಕಿರ್ತಾರೆ. ಅಸಲಿ ಪೀಸಲ್ಲಿ ಅಂಚನ್ನ ಲೆನ್ಸ್ ಇಟ್ಟು ನೋಡಿದ್ರೆ ಆ ಬೆಸುಗೆ ಗೆರೆ ಸಾಮಾನ್ಯವಾಗಿ ಕಾಣತ್ತೆ, ಫ್ರೇಮಿನ ಸಣ್ಣ ಮಣಿ ಸಾಲು ಚೂಪಾಗಿರತ್ತೆ. ನನಗೆ ಬಂದಿದ್ದು ಒಂದೇ ಅಚ್ಚಲ್ಲಿ ಎರಕ ಹೊಯ್ದು ನಡುವೆ ಕಪ್ಪು ಪೇಂಟ್ ಬಳಿದಿದ್ದು, ಮೇಲಿನ ಕಿರೀಟದಲ್ಲಿ ಗುಳ್ಳೆ ಒಡೆದ ಸಣ್ಣ ಗುಂಡಿಗಳು, ಹಿಂದೆ ಬೆಳ್ಳಿಯ ಶುದ್ಧತೆ ಹೇಳೋ 800 ಗುರುತು ಹೊಡೆದ ಹಾಗಿಲ್ಲ, ಸವೆದ ಸೋಪಿನ ಮೇಲಿನ ಅಕ್ಷರದ ಥರ ಉರುಟು. ಮ್ಯಾಗ್ನೆಟ್ ಒಂದನ್ನೇ ನಂಬ್ಬೇಡಿ, ಅಸಲಿಯಲ್ಲೂ ಹಿತ್ತಾಳೆ ನಡುಭಾಗದವು ಇವೆ, ನಕಲಿಯಲ್ಲೂ ಕಬ್ಬಿಣ ಹಾಕ್ತಾರೆ.

1939ರದ್ದಾದ್ರೆ, ಅಂದ್ರೆ ಎರಡನೇ ಮಹಾಯುದ್ಧದ, ನಡುವೆ ಸ್ವಸ್ತಿಕ ಇರೋ ಕ್ರಾಸಾದ್ರೆ, ಇನ್ನೂ ಹುಷಾರು. ಇಲ್ಲಿ ಕಾನೂನು ಪ್ರಕಾರ ಸ್ವಸ್ತಿಕವನ್ನ ಸಾರ್ವಜನಿಕವಾಗಿ ತೋರ್ಸೋ ಹಾಗಿಲ್ಲ ಅಂತ ಮಾರೋರು ಫೋಟೋದಲ್ಲಿ ನಡುಭಾಗಕ್ಕೆ ಸ್ಟಿಕರ್ ಅಂಟಿಸ್ತಾರೆ, ಅದು ಸರಿಯೇ, ಆದ್ರೆ ಪರೀಕ್ಷೆ ಮಾಡ್ಬೇಕಾದ ಜಾಗಾನೇ ಮುಚ್ಚಿಹೋಗತ್ತೆ. ಅಂಥದ್ದನ್ನ ಕೈಯಲ್ಲಿ ಹಿಡಿದು ನೋಡದೆ ಕೊಳ್ಳಲೇಬೇಡಿ. ಇನ್ನೊಂದು, 1957ರಲ್ಲಿ ಪಶ್ಚಿಮ ಜರ್ಮನಿ ಸ್ವಸ್ತಿಕ ಇಲ್ಲದ ರೂಪದಲ್ಲಿ ಧರಿಸಬಹುದು ಅಂತ ಕಾನೂನು ಮಾಡ್ತು, ಅದರಲ್ಲಿ ಓಕ್ ಎಲೆ ಇರತ್ತೆ. ಅವು ನಕಲಿ ಅಲ್ಲ, ಆದ್ರೆ ಯುದ್ಧಕಾಲದ್ದೂ ಅಲ್ಲ, ಆ ರೇಟ್ ಕೊಡ್ಬೇಡಿ.

ದುಡ್ಡು ಕಳಿಸುವಾಗ ಪೇಪಾಲಿನ ‘ಫ್ರೆಂಡ್ಸ್ ಆಂಡ್ ಫ್ಯಾಮಿಲಿ’ ಆಪ್ಷನಲ್ಲಿ ಹಾಕಿ, ಫೀಸ್ ಉಳಿಯತ್ತೆ ಅಂದ್ರೆ ಅಲ್ಲೇ ನಿಲ್ಲಿಸ್ಬಿಡಿ, ಅದಕ್ಕೆ ಬೈಯರ್ ಪ್ರೊಟೆಕ್ಷನ್ ಇಲ್ಲ. ನನ್ನ ಹತ್ರಾನೂ ಹಂಗೇ ಹಾಕಿಸ್ಕೊಂಡ. ‘ಪ್ರೈವೇಟ್ ಸೇಲ್, ರಿಟರ್ನ್ ಇಲ್ಲ’ ಅಂತ ಬರೆದಿದಾನೆ ಅಂತ ಸುಮ್ನಾಗ್ಬೇಡಿ, ಬೇಕಂತಲೇ ಮೋಸ ಮಾಡಿದ್ರೆ ಜರ್ಮನ್ ಸಿವಿಲ್ ಕೋಡಿನ 444ನೇ ಸೆಕ್ಷನ್ ಪ್ರಕಾರ ಆ ಸಾಲು ಅವನನ್ನ ಕಾಪಾಡಲ್ಲ. ಅದಕ್ಕೇ ‘1918ಕ್ಕಿಂತ ಮುಂಚಿನ ಅಸಲಿ’ ಅಂತ ಮೆಸೇಜಲ್ಲಿ ಬರೆಸ್ಕೊಳ್ಳಿ, ಜಾಹೀರಾತಿನ ಸ್ಕ್ರೀನ್‌ಶಾಟ್ ಇಟ್ಕೊಳ್ಳಿ, ಅವರು ಆಮೇಲೆ ಪೇಜ್ ಡಿಲೀಟ್ ಮಾಡ್ತಾರೆ. ನನ್ನ ಹತ್ರ ಅವೆಲ್ಲಾ ಇದ್ದಿದ್ರಿಂದ ಪೊಲೀಸ್ ಕಂಪ್ಲೇಂಟ್ ಕೊಡೋಕಾಯ್ತು. ಇವನ ಹತ್ರ ಇದೇ ಥರ ಪತ್ರದ ಜೊತೆ ಕ್ರಾಸ್ ತಗೊಂಡೋರು ಯಾರಾದ್ರೂ ಇದ್ರೆ ನೀವೂ ಕಂಪ್ಲೇಂಟ್ ಕೊಡಿ.