ಲ್ಯಾಪ್‌ಟಾಪಿಗೆ ರ‍್ಯಾಮ್ ಹಾಕಿಸುವವರಿಗೆ: ಪ್ರೊಸೆಸರಿನ ಮಿತಿ ತೋರಿಸಿ ಮಾರುವವರಿದ್ದಾರೆ

ಲ್ಯಾಪ್‌ಟಾಪಿನ ರ‍್ಯಾಮ್ ಹೆಚ್ಚಿಸಬೇಕೆಂದಿರುವವರು ಅಂಗಡಿಗೆ ಮುಂಗಡ ಕೊಡುವ ಮೊದಲು ಇದನ್ನು ಓದಬೇಕೆಂದು ಕೋರುತ್ತೇನೆ. ಶಿರಸಿಯ ಒಂದು ಕಂಪ್ಯೂಟರ್ ಅಂಗಡಿ ತಲಾ 16 ಜಿಬಿಯ ಎರಡು ಮಾಡ್ಯೂಲುಗಳನ್ನು (ಮೆಮೊರಿ ಚಿಪ್ಪುಗಳಿರುವ ಪಟ್ಟಿಗಳನ್ನು) ನಮಗೆ ಮಾರಿತು. ಯಂತ್ರದಲ್ಲಿ ಜಾಗವಿದ್ದದ್ದು ಒಂದಕ್ಕೆ ಮಾತ್ರ.

ತಂಗಿಯ ಮಗಳು ಇಂಜಿನಿಯರಿಂಗ್ ಓದುತ್ತಿದ್ದಾಳೆ. ಮೊಬೈಲ್ ಆ್ಯಪ್ ತಯಾರಿಸುವ ಆಂಡ್ರಾಯ್ಡ್ ಸ್ಟುಡಿಯೋ ಮತ್ತು ಪರದೆಯ ಮೇಲೆ ಫೋನಿನಂತೆ ನಡೆಯುವ ಅದರ ಎಮ್ಯುಲೇಟರನ್ನು ಒಟ್ಟಿಗೆ ತೆರೆದರೆ ಅವಳ 8 ಜಿಬಿಯ ಲ್ಯಾಪ್‌ಟಾಪ್ ನಿಂತೇ ಹೋಗುತ್ತಿತ್ತು. ಅಂಗಡಿಯವರು ಯಂತ್ರವನ್ನು ಮಗುಚಿ ಹಾಕಿ ಅಡಿಯ ಚೀಟಿಯನ್ನೂ ನೋಡದೆ, ಪ್ರೊಸೆಸರ್ ಐ5-1035ಜಿ1 ಎಂಬುದನ್ನಷ್ಟೇ ಕೇಳಿಕೊಂಡು, ಇಂಟೆಲ್‌ನ ಪುಟದಲ್ಲಿ ಅದರ ಮುಂದೆ ಬರೆದಿರುವ 64 ಜಿಬಿ ಎಂಬ ಮಿತಿಯನ್ನು ಮೊಬೈಲಿನಲ್ಲಿ ತೋರಿಸಿದರು. "ಅರವತ್ನಾಲ್ಕರ ತನಕ ತಗೊಳ್ತದೆ ಸರ್, ನೀವು ಹಾಕ್ತಾ ಇರೂದು ಮೂವತ್ತೆರಡು, ಏನೂ ತೊಂದ್ರೆ ಇಲ್ಲ" ಎಂದರು. ಇನ್ನೊಮ್ಮೆ ಖಚಿತಪಡಿಸಿ ಎಂದು ಕೇಳಿದಾಗ ಕಮಾಂಡ್ ಪ್ರಾಂಪ್ಟಿನಲ್ಲಿ ಏನೋ ಟೈಪ್ ಮಾಡಿ, ಬಂದ 33554432 ಎಂಬ ಸಂಖ್ಯೆಯನ್ನು ತೋರಿಸಿದರು. ಅದು ಕಿಲೋಬೈಟಿನ ಲೆಕ್ಕ. 1024ರಿಂದ ಎರಡು ಸಲ ಭಾಗಿಸಿದರೆ 32 ಜಿಬಿ ಆಗುತ್ತದೆ.

ಈ ಎರಡು ಅಂಕಿಗಳಲ್ಲಿ ಯಾವುದೂ ಸುಳ್ಳಲ್ಲ, ಆದರೆ ಯಾವುದೂ ಆ ಲ್ಯಾಪ್‌ಟಾಪಿನ ಮಿತಿಯಲ್ಲ. ಇಂಟೆಲ್ ಹೇಳುವುದು ತನ್ನ ಪ್ರೊಸೆಸರ್ ಎಷ್ಟು ಮೆಮೊರಿಯನ್ನು ನಿಭಾಯಿಸಬಲ್ಲದು ಎಂಬುದನ್ನು ಮಾತ್ರ. ಆ ಪ್ರೊಸೆಸರನ್ನು ಕೊಂಡ ಲ್ಯಾಪ್‌ಟಾಪ್ ಕಂಪನಿ ಬೋರ್ಡಿನ ಮೇಲೆ ಮಾಡ್ಯೂಲು ಕೂರಿಸುವ ಎರಡು ಸ್ಲಾಟ್ ಇಟ್ಟಿದೆಯೋ, ಒಂದೇ ಇಟ್ಟಿದೆಯೋ, ಅಥವಾ ಎಲ್ಲವನ್ನೂ ಬೆಸುಗೆ ಹಾಕಿ ಮುಗಿಸಿದೆಯೋ ಎಂಬುದು ಆ ಪುಟದಲ್ಲಿ ಇರುವುದಿಲ್ಲ. ಕಮಾಂಡ್ ತೋರಿಸುವ ಸಂಖ್ಯೆಯಾದರೂ ಬೋರ್ಡ್ ಮಾಡಿದವರು ಯಂತ್ರವನ್ನು ಶುರುಮಾಡುವ ತಂತ್ರಾಂಶವಾದ ಬಯಾಸ್‌ನಲ್ಲಿ ಬರೆದಿಟ್ಟದ್ದು. ವಿಂಡೋಸ್ ಅದನ್ನು ಓದಿ ಹೇಳುತ್ತದೆಯೇ ಹೊರತು ಅಳೆದು ಹೇಳುವುದಿಲ್ಲ.

ಹುಬ್ಬಳ್ಳಿಯಿಂದ ಬಸ್ಸಿನ ಪಾರ್ಸಲಿನಲ್ಲಿ ಮಾಡ್ಯೂಲುಗಳು ಬಂದ ಮೇಲೆ ನಮ್ಮೆದುರಿಗೇ ಹಿಂಬದಿಯ ಮುಚ್ಚಳ ತೆಗೆದರು. ತೆಳುವಾದ ತಗಡಿನ ಹೊದಿಕೆಯನ್ನು ಎಬ್ಬಿಸಿದಾಗ ಕಂಡದ್ದು ಒಂದೇ ಸ್ಲಾಟ್, ಅದರಲ್ಲಿ 4 ಜಿಬಿಯ ಮಾಡ್ಯೂಲು, ಮತ್ತು ಪಕ್ಕದಲ್ಲಿ ಬೋರ್ಡಿಗೇ ಬೆಸೆದ ನಾಲ್ಕು ಕಪ್ಪು ಚಿಪ್ಪುಗಳು. ಉಳಿದ 4 ಜಿಬಿ ಅವೇ. ಅವನ್ನು ತೆಗೆಯಲಾಗುವುದಿಲ್ಲವಾದ್ದರಿಂದ ನಾಲ್ಕಕ್ಕೆ ಹದಿನಾರು ಸೇರಿ ಒಟ್ಟು 20 ಜಿಬಿ ಆಯಿತು. ಕೆಲಸವೇನೋ ಸರಾಗವಾಗಿ ನಡೆಯುತ್ತಿದೆ. ಆದರೆ ಮಿಕ್ಕ ಮಾಡ್ಯೂಲನ್ನು ಹಿಂದಕ್ಕೆ ತೆಗೆದುಕೊಳ್ಳಿ ಎಂದರೆ, ಹುಬ್ಬಳ್ಳಿಯಿಂದ ತರಿಸಿದ ಮಾಲು ವಾಪಸು ಹೋಗುವುದಿಲ್ಲ, ಸೀಲ್ ಬೇರೆ ಒಡೆದಿದೆ ಎಂಬ ಉತ್ತರ ಬಂತು. ಸೀಲ್ ಒಡೆದವರು ಅವರೇ! ಹಳೆಯ 4 ಜಿಬಿ ಮಾಡ್ಯೂಲು ಕೂಡ ನಾವು ಬಾಯಿಬಿಟ್ಟು ಕೇಳಿದ ಮೇಲೆಯೇ ಮೇಜಿನ ಡ್ರಾಯರಿನಿಂದ ಹೊರಬಂದದ್ದು.

ಸರಿಯಾದ ಉತ್ತರ ಸಿಗುವುದು ಲ್ಯಾಪ್‌ಟಾಪ್ ಕಂಪನಿಯ ಸರ್ವಿಸ್ ಮ್ಯಾನುಯಲ್‌ನಲ್ಲಿ. ಅದನ್ನು ಹುಡುಕುವಾಗ ಸರಣಿಯ ಹೆಸರು ಸಾಲದು, ಅಡಿಯ ಚೀಟಿಯಲ್ಲಿರುವ ಪೂರ್ತಿ ಮಾಡೆಲ್ ಸಂಖ್ಯೆಯೇ ಬೇಕು, ಏಕೆಂದರೆ ಒಂದೇ ಹೆಸರಿನಲ್ಲಿ ಎರಡು ಸ್ಲಾಟಿನ ಯಂತ್ರವೂ ಒಂದೂ ಇಲ್ಲದ ಯಂತ್ರವೂ ಮಾರಾಟಕ್ಕಿರುತ್ತವೆ. ಟಾಸ್ಕ್ ಮ್ಯಾನೇಜರಿನ ಮೆಮೊರಿ ಪುಟದಲ್ಲಿ ಸ್ಲಾಟುಗಳ ಲೆಕ್ಕ ಕಾಣುವುದು ನಿಜ; ಆದರೆ ಬೆಸೆದ ಮೆಮೊರಿಯನ್ನೂ ಅದು ಸ್ಲಾಟೆಂದೇ ಎಣಿಸಬಹುದು. ನಮ್ಮ ಯಂತ್ರದಲ್ಲಿ ಎರಡರಲ್ಲಿ ಎರಡೂ ಭರ್ತಿ ಎಂದು ತೋರಿಸುತ್ತಿತ್ತು. ಯಂತ್ರದ ವಿವರದಲ್ಲಿ ಎಲ್‌ಪಿಡಿಡಿಆರ್ ಎಂದಿದ್ದರೆ ಅದು ಸಾಮಾನ್ಯವಾಗಿ ಬೋರ್ಡಿಗೆ ಬೆಸೆದ ಮೆಮೊರಿಯೇ, ಅಲ್ಲಿ ಹೆಚ್ಚಿಸುವ ಮಾತೇ ಇಲ್ಲ. ಇನ್ನು ಲ್ಯಾಪ್‌ಟಾಪ್ ಮಾಡ್ಯೂಲುಗಳ ಪೀಳಿಗೆಗಳಲ್ಲಿ ಡಿಡಿಆರ್3ಕ್ಕೆ 204, ಡಿಡಿಆರ್4ಕ್ಕೆ 260, ಡಿಡಿಆರ್5ಕ್ಕೆ 262 ಪಿನ್ನುಗಳಿರುವುದರಿಂದ ಒಂದರ ಜಾಗದಲ್ಲಿ ಇನ್ನೊಂದು ಕೂರುವುದಿಲ್ಲ. ಹಳೆಯ ಯಂತ್ರದವರು ಮಾತ್ರ 1.35 ವೋಲ್ಟಿನ ಡಿಡಿಆರ್3ಎಲ್ ಬೇಕಾದಲ್ಲಿ 1.5 ವೋಲ್ಟಿನದನ್ನು ಕೊಡುತ್ತಾರೆಯೇ ಎಂದು ನೋಡಿಕೊಳ್ಳಬೇಕು. ಅದು ಸ್ಲಾಟಿನಲ್ಲಿ ಸರಿಯಾಗಿ ಕೂತರೂ ಯಂತ್ರ ಶುರುವಾಗದೆ ಇರಬಹುದು.

ಎಲ್ಲಕ್ಕಿಂತ ಸುಲಭದ ದಾರಿಯೆಂದರೆ ಮಾಲು ತರಿಸುವ ಮೊದಲೇ ಮುಚ್ಚಳ ತೆಗೆಸಿ ನೋಡುವುದು. ವಾರಂಟಿ ಇರುವವರು ಮುಚ್ಚಳ ತೆಗೆದರೆ ಅದಕ್ಕೆ ಬಾಧೆಯಿದೆಯೇ ಎಂದು ಕಂಪನಿಯನ್ನು ಮೊದಲು ಕೇಳಿಕೊಳ್ಳಲಿ. ಅಂಗಡಿಯವರು ಒಪ್ಪದಿದ್ದರೆ ಬಿಲ್ಲಿನಲ್ಲಿ ಲ್ಯಾಪ್‌ಟಾಪಿನ ಮಾಡೆಲ್ ಸಂಖ್ಯೆಯನ್ನೂ, ಹೊಂದದಿದ್ದರೆ ಹಿಂದಕ್ಕೆ ಪಡೆಯುತ್ತೇವೆ ಎಂಬ ಒಂದು ಸಾಲನ್ನೂ ಬರೆಸಿಕೊಳ್ಳಿ. ನಮ್ಮ ಬಿಲ್ಲಿನಲ್ಲಿ "ಲ್ಯಾಪ್‌ಟಾಪ್ ರ‍್ಯಾಮ್, 2" ಎಂದಷ್ಟೇ ಇದೆ. ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡುವುದಿದ್ದರೂ, ಘಟ್ಟ ಇಳಿದು ಕಾರವಾರದ ಗ್ರಾಹಕ ಆಯೋಗಕ್ಕೆ ಹೋಗುವುದಿದ್ದರೂ, ಯಾವ ಯಂತ್ರಕ್ಕೆಂದು ಅದನ್ನು ಮಾರಿದರು ಎಂಬುದಕ್ಕೆ ನಮ್ಮ ಕೈಯಲ್ಲಿ ಕಾಗದವಿಲ್ಲ.