ವಾಲಿದ ಸ್ವಿಫ್ಟ್: ಬಫರ್, ಸ್ಪೇಸರ್, ಕಾಯಿಲ್‌ಓವರ್, ಇಲ್ಲಾ ಬರೀ ಪಾನಾ?

ನನ್ನದು 2012ರ ಪೆಟ್ರೋಲ್ ಸ್ವಿಫ್ಟ್. ಕಂಪನಿಯಿಂದ ಬಂದಾಗ ನೆಲದಿಂದ 170 ಮಿ.ಮೀ. ಎತ್ತರ. ಲೋವರಿಂಗ್ ಸ್ಪ್ರಿಂಗ್ ಹಾಕಿಸಿ 30 ಮಿ.ಮೀ. ಇಳಿಸಿದೆ. ಬೆಂಗಳೂರಿನ ಹಂಪ್‌ಗಳ ನಡುವೆ ಇದು ಬುದ್ಧಿವಂತರ ಕೆಲಸವಲ್ಲ, ಗೊತ್ತು. ಆ ಮಾತು ಮನೆಯಲ್ಲಿ ಆಗಲೇ ಸಾಕಷ್ಟು ಕೇಳಿದ್ದೇನೆ. ನನ್ನ ತಲೆನೋವು ಬೇರೆ. ಗ್ಯಾರೇಜಿನಿಂದ ತಂದ ಮೂರನೇ ದಿನ ಎದುರಿಗೆ ನಿಂತು ನೋಡಿದರೆ ಕಾರು ತನ್ನ ಬಲಕ್ಕೆ, ಅಂದರೆ ಡ್ರೈವರ್ ಕಡೆಗೆ, ವಾಲಿದೆ. ಎಡಗಡೆ ಟೈರಿಗೂ ಮಡ್‌ಗಾರ್ಡಿಗೂ ನಡುವೆ ಮೂರು ಬೆರಳು ಹೋಗುತ್ತವೆ, ಬಲಗಡೆ ಎರಡೇ. ಒಮ್ಮೆ ಕಣ್ಣಿಗೆ ಬಿದ್ದ ಮೇಲೆ ಮುಗೀತು, ಬೇರೇನೂ ಕಾಣುವುದಿಲ್ಲ.

ಮೊದಲು ಅಳತೆಯ ವಿಷಯ. ಇಲ್ಲೇ ನಾನು ಎರಡು ವಾರ ಹಾಳು ಮಾಡಿಕೊಂಡೆ. ಮನೆ ಮುಂದಿನ ರಸ್ತೆಯಲ್ಲಿ ಅಳೆದರೆ 18 ಮಿ.ಮೀ. ವ್ಯತ್ಯಾಸ ಬಂತು. ಆದರೆ ಮಳೆನೀರು ಚರಂಡಿಗೆ ಹರಿಯಲಿ ಅಂತ ರಸ್ತೆಯನ್ನೇ ಓರೆಯಾಗಿ ಹಾಕಿರುತ್ತಾರಲ್ಲ! ಆಮೇಲೆ ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲಿ, ಗಾರೆಯವರ ಹಾಗೆ ಉದ್ದದ ಪೈಪಿಗೆ ನೀರು ತುಂಬಿ ಮಟ್ಟ ನೋಡಿ, ಸಮ ಇರುವ ಜಾಗ ಹುಡುಕಿದೆ. ನೆಲದಿಂದ ಅಳೆಯಬೇಡಿ, ಟೈರಿನ ಗಾಳಿ ಹೆಚ್ಚುಕಮ್ಮಿ ಇದ್ದರೂ ಲೆಕ್ಕ ತಪ್ಪುತ್ತದೆ. ಚಕ್ರದ ನಡುವಿನಿಂದ ಮಡ್‌ಗಾರ್ಡಿನ ಅಂಚಿಗೆ ನೇರವಾಗಿ ಅಳೆಯಿರಿ. ನಾನು ಓಡಿಸುವುದು ಹೆಚ್ಚಾಗಿ ಒಬ್ಬನೇ. ಹಾಗಾಗಿ ಡ್ರೈವರ್ ಸೀಟಿನಲ್ಲಿ 25 ಕೆ.ಜಿ.ಯ ಮೂರು ಅಕ್ಕಿ ಮೂಟೆ ಇಟ್ಟು ಅಳೆದೆ. ಎಡಗಡೆ ಎತ್ತರ ಜಾಸ್ತಿ: ಮುಂದೆ 14 ಮಿ.ಮೀ., ಹಿಂದೆ 6.

ಮೊದಲು ಹಾಕಿದ್ದು ಎಲ್ಲರೂ ಹೇಳುವ ರಬ್ಬರ್ ಬಫರ್. ಸ್ಪ್ರಿಂಗಿನ ಸುರುಳಿಗಳ ನಡುವೆ ಸಿಕ್ಕಿಸುವ ದಪ್ಪ ಉಂಗುರ. ಬಲ ಮುಂಭಾಗಕ್ಕೆ ಒಂದು ಹಾಕಿದೆ. ಅರ್ಧ ಗಂಟೆ ಕೆಲಸ, 14 ಇದ್ದದ್ದು 5ಕ್ಕೆ ಬಂತು. ಖುಷಿ ಮೊದಲ ಹಂಪ್‌ವರೆಗೆ ಮಾತ್ರ. ಬಫರ್ ಕೂತ ಕಡೆ ಸುರುಳಿ ಮಡಚಿಕೊಳ್ಳುವುದಿಲ್ಲ, ಅಂದರೆ ಆ ಒಂದು ಮೂಲೆಯ ಸ್ಪ್ರಿಂಗ್ ಗಟ್ಟಿಯಾಗುತ್ತದೆ. ಎಡಚಕ್ರ ಹಂಪನ್ನು ನುಂಗಿದರೆ ಬಲಚಕ್ರ ಒದೆಯುತ್ತದೆ. ಎರಡು ವಾರಕ್ಕೆ ಕಿತ್ತು ಎಸೆದೆ. ಒಂದೇ ಕಡೆಗೆ ಬಫರ್ ಹಾಕುವುದು ನನ್ನ ಪ್ರಕಾರ ಎಲ್ಲದರಲ್ಲೂ ಕೆಟ್ಟ ದಾರಿ.

ಇನ್ನೊಬ್ಬ ಮೆಕ್ಯಾನಿಕ್ ಎಡಗಡೆ ಸ್ಪ್ರಿಂಗನ್ನೇ ಅರ್ಧ ಸುತ್ತು ಕತ್ತರಿಸೋಣ ಅಂದ. ಕತ್ತರಿಸಿದ ಸ್ಪ್ರಿಂಗ್ ಗಟ್ಟಿಯಾಗುತ್ತದೆ. ಗ್ಯಾಸಿನಲ್ಲಿ ಕತ್ತರಿಸಿದರೆ ಬಿಸಿಗೆ ಉಕ್ಕಿನ ಹದವೇ ಹೋಗುತ್ತದೆ. ಅದನ್ನು ಪ್ರಯೋಗ ಮಾಡಿ ನೋಡುವ ಧೈರ್ಯ ನನಗಿರಲಿಲ್ಲ.

ಮೂರನೆಯದು, ಮುಂದಿನ ಎಡ ಬಲ ಸ್ಪ್ರಿಂಗ್ ಅದಲುಬದಲು. ಇದು ಔಷಧಿಗಿಂತ ಪರೀಕ್ಷೆ ಅನ್ನಬಹುದು. ಸ್ಪ್ರಿಂಗಿನದೇ ದೋಷವಾಗಿದ್ದರೆ ವಾಲುವ ದಿಕ್ಕು ಬದಲಾಗಬೇಕು. ಬದಲಾಗಲಿಲ್ಲ. ಆದರೆ ಬಿಚ್ಚಿದಾಗ ಒಂದು ವಿಷಯ ಸಿಕ್ಕಿತು. ಸ್ಪ್ರಿಂಗ್ ಕೂರುವ ಕೆಳಗಿನ ತಟ್ಟೆಗೆ ಸೀಟು ಅನ್ನುತ್ತಾರೆ. ಅದರಲ್ಲಿ ಸ್ಪ್ರಿಂಗಿನ ತುದಿ ತಾಗಿ ನಿಲ್ಲಲು ಒಂದು ಸಣ್ಣ ಮೆಟ್ಟಿಲು ಇರುತ್ತದೆ. ಎಡಗಡೆ ಆ ತುದಿ ಮೆಟ್ಟಿಲು ಹತ್ತಿ ಕೂತಿತ್ತು. ಸರಿಯಾಗಿ ಕೂರಿಸಿದ ಮೇಲೆ 14 ಹೋಗಿ 9 ಆಯಿತು. ಒಂದೇ ಸಲ ಎರಡು ಬದಲಾವಣೆ ಮಾಡಿದ್ದು ನನ್ನ ತಪ್ಪು, ಒಪ್ಪಿದೆ. ಮತ್ತೆ, ಈ ಕೆಲಸವನ್ನು ಮನೆಯಲ್ಲಿ ಮಾಡಬೇಡಿ. ಒತ್ತಿ ಹಿಡಿದ ಸ್ಪ್ರಿಂಗ್ ಜಾರಿದರೆ ಪ್ರಾಣಕ್ಕೇ ಕುತ್ತು.

ಉಳಿದ 9 ಮಿ.ಮೀ. ಎಲ್ಲಿಂದ ಬಂತು? ಇದಕ್ಕೆ ಉತ್ತರ ಕೊಟ್ಟಿದ್ದು ಜೆ.ಸಿ. ರಸ್ತೆಯ ಹಿಂದಿನ ಗಲ್ಲಿಯ ಒಬ್ಬ ವಯಸ್ಸಾದ ಮೇಸ್ತ್ರಿ. ಕಾರನ್ನು ಮುಟ್ಟುವ ಮೊದಲೇ ಕೇಳಿದರು: "ಬುಶ್ ಬೋಲ್ಟು ಟೈಟ್ ಮಾಡುವಾಗ ಚಕ್ರ ಎಲ್ಲಿತ್ತಪ್ಪಾ, ನೆಲದ ಮೇಲೋ, ಗಾಳಿಯಲ್ಲೋ?"

ಚಕ್ರವನ್ನು ಕಾರಿನ ಚೌಕಟ್ಟಿಗೆ ಜೋಡಿಸುವ ಕೆಳಗಿನ ತೋಳು ಲೋವರ್ ಆರ್ಮ್, ಅದರ ಕೀಲಿನಲ್ಲಿರುವ ರಬ್ಬರ್ ತುಂಡು ಬುಶ್. ಈ ಬುಶ್ಶಿನಲ್ಲಿ ರಬ್ಬರು ಒಳಗಿನ ಕಬ್ಬಿಣದ ಕೊಳವೆಗೆ ಅಂಟಿಕೊಂಡಿರುತ್ತದೆ. ಅದು ಬೇರಿಂಗಿನ ಹಾಗೆ ತಿರುಗುವುದಿಲ್ಲ, ತಿರುಚಿಕೊಳ್ಳುತ್ತದೆ. ಚಕ್ರ ನೇತಾಡುವಾಗ ಬೋಲ್ಟ್ ಬಿಗಿದರೆ ಆ ನೇತಾಡುವ ಜಾಗವೇ ರಬ್ಬರಿಗೆ ವಿಶ್ರಾಂತಿಯ ಜಾಗ. ಕಾರನ್ನು ಮತ್ತೆ ನೆಲಕ್ಕೆ ಇಳಿಸಿದಾಗ ರಬ್ಬರು ತಿರುಚಿ, ಆರ್ಮನ್ನು ಕೆಳಕ್ಕೆ ಒತ್ತುತ್ತಾ, ಆ ಮೂಲೆಯನ್ನು ಎತ್ತಿ ಹಿಡಿಯುತ್ತದೆ. ಎರಡೂ ಕಡೆ ಹೀಗೇ ಆದರೆ ಕಾರು ಸಮವಾಗಿಯೇ ಸ್ವಲ್ಪ ಎತ್ತರ ನಿಲ್ಲುತ್ತದೆ, ಗೊತ್ತಾಗುವುದಿಲ್ಲ. ಒಂದು ಕಡೆ ಮಾತ್ರ ಆದರೆ ವಾಲುತ್ತದೆ. ರಬ್ಬರು ಬೇಗ ಹರಿಯುತ್ತದೆ ಅನ್ನುವುದು ಬೇರೆ.

ಅವರ ಗ್ಯಾರೇಜಿನಲ್ಲಿ ಲಿಫ್ಟ್ ಇಲ್ಲ, ಹಳೇ ಕಾಲದ ಗುಂಡಿ ಇದೆ. ಈ ಕೆಲಸಕ್ಕೆ ಗುಂಡಿಯೇ ವಾಸಿ. ಎರಡು ಕಂಬದ ಲಿಫ್ಟಿನಲ್ಲಿ ಚಕ್ರ ನೇತಾಡುತ್ತದೆ. ಗುಂಡಿಯ ಮೇಲೆ ಕಾರು ತನ್ನ ಕಾಲ ಮೇಲೆ ತಾನು ನಿಂತಿರುತ್ತದೆ. ಮುಂದಿನ ಆರ್ಮ್, ಹಿಂದಿನ ಎರಡು ಚಕ್ರಗಳನ್ನು ಹಿಡಿದಿರುವ ಬೀಮ್, ಎಲ್ಲದರ ಬೋಲ್ಟನ್ನೂ ಸಡಿಲಿಸಿ, ಕಾರನ್ನು ನಾಲ್ಕು ಸಲ ಅದುಮಿ, ಒಂದು ಅಡಿ ಹಿಂದೆ ಮುಂದೆ ಉರುಳಿಸಿ, ಬಿಗಿತ ಅಳೆಯುವ ಟಾರ್ಕ್ ಪಾನಾದಿಂದ ಮತ್ತೆ ಬಿಗಿದರು. ಮುಂದೆ 9 ಹೋಗಿ 4. ಹಿಂದೆ 6 ಹೋಗಿ 2. ಹೊಸ ಸಾಮಾನು ಒಂದೂ ಇಲ್ಲ, 600 ರೂಪಾಯಿ ಕೂಲಿ.

ಆ 4 ಮಿ.ಮೀ.ಗೋಸ್ಕರ 5 ಮಿ.ಮೀ. ದಪ್ಪದ ಸ್ಪೇಸರ್ ತಂದೆ. ಸ್ಪ್ರಿಂಗಿನ ತುದಿಯಲ್ಲಿ ಕೂರುವ ಗಟ್ಟಿ ಬಿಲ್ಲೆ ಇದು. ಸುರುಳಿಯ ಕೆಲಸಕ್ಕೆ ಅಡ್ಡ ಬರುವುದಿಲ್ಲ, ಹಾಗಾಗಿ ಬಫರಿನ ಒದೆತ ಇಲ್ಲ. ಇದು ಕಳ್ಳದಾರಿಯೂ ಅಲ್ಲ. ಡಬ್ಲ್ಯು 124ರಂಥ ಹಳೇ ಬೆಂಜ್‌ಗಳಿಗೆ ಕಂಪನಿಯೇ ಬೇರೆ ಬೇರೆ ದಪ್ಪದ ರಬ್ಬರ್ ಪ್ಯಾಡ್ ಮಾಡಿತ್ತು. ಅಂಚಿನ ಗುಬಟು ಎಣಿಸಿದರೆ ದಪ್ಪ ಗೊತ್ತಾಗುತ್ತದೆ. ನನ್ನಲ್ಲಿ 5 ಹಾಕಿದರೆ ಮೂಲೆ ಎದ್ದಿದ್ದು 4. ಮಂಚದ ಒಂದು ಕಾಲಿಗೆ ಬಿಲ್ಲೆ ಕೊಟ್ಟ ಹಾಗೆ, ಉಳಿದ ಕಾಲುಗಳೂ ಸ್ವಲ್ಪ ಹೊಂದಿಕೊಳ್ಳುತ್ತವೆ. ಅಕ್ಕಿ ಮೂಟೆ ಇದ್ದಾಗ ಸರಿಸಮ! ಮೂಟೆ ತೆಗೆದರೆ ಈಗ ಬಲಗಡೆ 4 ಎತ್ತರ. ಸ್ಪೇಸರ್ ಇಲ್ಲದಿದ್ದಾಗ ಖಾಲಿ ಕಾರು ಸಮವಾಗಿಯೇ ಇತ್ತು, ಆ ಕೊನೆಯ 4 ನನ್ನದೇ ತೂಕ. ಕಾರನ್ನು ನಾನು ಹೊರಗಿನಿಂದ ನೋಡುವುದು ಅದು ಖಾಲಿ ನಿಂತಾಗ ತಾನೆ? ತೆಗೆದುಬಿಟ್ಟೆ. ಆದರೆ ಬುಶ್, ಸೀಟು ಎರಡನ್ನೂ ನೋಡಿದ ಮೇಲೂ 7-8 ಮಿ.ಮೀ. ಉಳಿದವರು ಕಣ್ಣು ಮುಚ್ಚಿ ಸ್ಪೇಸರ್ ಹಾಕಬಹುದು.

ಕಾಯಿಲ್‌ಓವರ್ ಅಂದರೆ ಎತ್ತರ ಹೊಂದಿಸಬಹುದಾದ ಸ್ಪ್ರಿಂಗ್, ಶಾಕ್ ಅಬ್ಸಾರ್ಬರ್ ಜೋಡಿ. ಇದು ನನ್ನದಲ್ಲ, ಗೆಳೆಯನ ಪೋಲೋ ಕಾರಿನದು. ಮುಕ್ಕಾಲು ಲಕ್ಷ ಕೊಟ್ಟಿದ್ದ. ಉಂಗುರ ತಿರುಗಿಸಿದರೆ ಎತ್ತರ ಬದಲಾಗುತ್ತದೆ, ನಿಜ. ಒಂದು ಭಾನುವಾರ ಇಬ್ಬರೂ ಕೂತು ತಿರುಗಿಸಿದೆವು. ಎಡ ಮುಂದೆ ಇಳಿಸಿದರೆ ಬಲ ಹಿಂದೆ ಏನೋ ಬದಲಾಗುತ್ತದೆ. ಅದನ್ನು ಸರಿ ಮಾಡಿದರೆ ಇದು. ಕೊನೆಗೆ ಎಡ ಬಲ ಚಕ್ರಗಳನ್ನು ಒಂದಕ್ಕೊಂದು ಜೋಡಿಸುವ ಆಂಟಿ ರೋಲ್ ಬಾರಿನ ಲಿಂಕ್ ಬಿಚ್ಚಿಟ್ಟ ಮೇಲೆ ದಾರಿಗೆ ಬಂತು. ಇಲ್ಲದಿದ್ದರೆ ಆ ಬಾರೇ ಎರಡು ಕಡೆಯನ್ನೂ ಜಗ್ಗುತ್ತಿರುತ್ತದೆ. ಮಳೆಗಾಲ ಮುಗಿಯುವಷ್ಟರಲ್ಲಿ ಉಂಗುರದ ಥ್ರೆಡ್ಡಿಗೆ ಕೆಸರು ಸೇರಿ ಕಚ್ಚಿಕೊಂಡಿತ್ತು. ಬ್ರಷ್ಷು, ಎಣ್ಣೆ, ತಾಳ್ಮೆ ಮೂರೂ ಇದ್ದವರಿಗೆ ಒಳ್ಳೆಯದು. ಬರೀ ವಾಲಿದ್ದನ್ನು ಸರಿಪಡಿಸಲು ಅಷ್ಟು ದುಡ್ಡು ದಂಡ.

ಎತ್ತರ ಬದಲಾದರೆ ಟೋ (ಮೇಲಿನಿಂದ ನೋಡಿದರೆ ಚಕ್ರ ಒಳಕ್ಕೋ ಹೊರಕ್ಕೋ ತಿರುಗಿರುವುದು), ಕ್ಯಾಂಬರ್ (ಎದುರಿನಿಂದ ನೋಡಿದರೆ ಚಕ್ರ ಓರೆಯಾಗಿರುವುದು) ಎರಡೂ ಬದಲಾಗುತ್ತವೆ. ಹಾಗಾಗಿ ಎಲ್ಲ ಮುಗಿದ ಮೇಲೆ ವೀಲ್ ಅಲೈನ್‌ಮೆಂಟಿಗೆ ಹೋದೆ, ಮೂಟೆಗಳ ಸಮೇತ. ಅಲ್ಲಿನ ಹುಡುಗ ಬಾಗಿಲು ತೆಗೆದು ಒಂದು ನಿಮಿಷ ಸುಮ್ನೆ ನೋಡಿದ. "ಸಾರ್, ಅಕ್ಕಿ ಡಿಕ್ಕಿಗೆ ಹಾಕ್ಲಾ?"